ಸನ್ಮಾನದ ಶಾಲು ಮತ್ತು ಸಂಬಳದ ರಿಜಿಸ್ಟರು

(ಖಾಸಗಿ ಶಾಲಾ ಶಿಕ್ಷಕರ ಸಮಾವೇಶವೊಂದರಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



'ಖಾಸಗಿ ಶಾಲಾ ಶಿಕ್ಷಕ ವೃತ್ತಿಯ ಒಳಿತು ಕೆಡುಕುಗಳು' ಎಂಬ ವಿಷಯದ ಮೇಲೆ ಮಾತನಾಡುವಂತೆ ಸಂಘಟಕರು ನನಗೆ ತಿಳಿಸಿದ್ದಾರೆ. ಈ ವಿಷಯದ ಮೇಲೆ ಪ್ರಬಂಧ ಬರೆಯುವುದು ಸುಲಭ. ಎಡಗಡೆ ಒಳಿತು, ಬಲಗಡೆ ಕೆಡುಕು, ಕೊನೆಯಲ್ಲಿ 'ಶಿಕ್ಷಕ ರಾಷ್ಟ್ರದ ಶಿಲ್ಪಿ' ಎಂಬ ಒಂದು ವಾಕ್ಯ. ನಾವೆಲ್ಲ ಮಕ್ಕಳಿಂದ ಅಂತಹ ಪ್ರಬಂಧಗಳನ್ನು ಬರೆಸಿದವರೇ. ಆದರೆ ಕಳೆದ ಒಂದು ತಿಂಗಳಿನಿಂದ ಈ ಪ್ರಶ್ನೆ ನನ್ನ ಪಾಲಿಗೆ ಪ್ರಬಂಧದ ವಿಷಯವಾಗಿ ಉಳಿದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎಡ್. ಮುಗಿಸಿ ಮನೆಗೆ ಬಂದಿದ್ದಳು. "ಸರ್, ನಮ್ಮ ಮನೆಯ ಹತ್ತಿರದ ಇಂಗ್ಲಿಷ್ ಮೀಡಿಯಂ ಶಾಲೆಯವರು ಕರೆದಿದ್ದಾರೆ. ಸೇರಲೇ, ಅಥವಾ ಸರಕಾರಿ ನೇಮಕಾತಿಗೆ ಕಾಯಲೇ?" ಎಂದು ಕೇಳಿದಳು. ಚಹಾ ಕುಡಿದು ಹೋಗುವಷ್ಟು ಹೊತ್ತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ. ನಾನು ಉತ್ತರಿಸಲಿಲ್ಲ. "ಯೋಚಿಸಿ ಹೇಳುತ್ತೇನಮ್ಮಾ" ಎಂದು ಕಳುಹಿಸಿದೆ. ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ ನಾನು ನನ್ನ ಬಗ್ಗೆಯೂ ಕೆಲವು ಸಂಗತಿಗಳನ್ನು ಹೇಳಬೇಕಿತ್ತು. ಅವುಗಳನ್ನು ಇಂದು ಇಲ್ಲಿ, ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ಒಳಿತಿನ ಮಾತು. ಅದನ್ನು ಮುಚ್ಚಿಟ್ಟು ಬರೇ ಗೋಳು ಹೇಳಿದರೆ ಅದೂ ಅನ್ಯಾಯವೇ.

ಖಾಸಗಿ ಶಾಲೆ ಕಾಯಿಸುವುದಿಲ್ಲ. ನಮ್ಮ ರಾಜ್ಯದಲ್ಲಿ 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅಧಿಸೂಚನೆ ಹೊರಟಾಗ ಎಷ್ಟು ಮಂದಿ ಎಷ್ಟು ವರ್ಷಗಳಿಂದ ಅದಕ್ಕಾಗಿ ಕಾದಿದ್ದರು ಎಂಬುದನ್ನು ನಾವು ಕಂಡಿದ್ದೇವೆ. ಪರೀಕ್ಷೆ, ಪಟ್ಟಿ, ಆಕ್ಷೇಪ, ನ್ಯಾಯಾಲಯ, ಮತ್ತೆ ಪಟ್ಟಿ. ಇದರ ನಡುವೆ ಒಬ್ಬನ ಯೌವನದ ಮೂರು ನಾಲ್ಕು ವರ್ಷ ಸುಲಭವಾಗಿ ಕರಗಿಹೋಗುತ್ತದೆ. ಖಾಸಗಿ ಶಾಲೆಯಾದರೋ ಮೇ ತಿಂಗಳಲ್ಲಿ ಸಂದರ್ಶನ, ಜೂನ್ ತಿಂಗಳಲ್ಲಿ ತರಗತಿ. ಇಪ್ಪತ್ತಮೂರು ವರ್ಷದ ಹುಡುಗಿಯೊಬ್ಬಳು ನಲ್ವತ್ತು ಮಕ್ಕಳ ಮುಂದೆ ನಿಂತು ಮಾತನಾಡಲು, ಗದ್ದಲವನ್ನು ಬೆತ್ತವಿಲ್ಲದೆ ಅಡಗಿಸಲು, ಅರ್ಥವಾಗದ ಮಗುವಿನ ಮುಖವನ್ನು ಓದಲು ಕಲಿಯುವುದು ಅಲ್ಲಿಯೇ. ಬಿ.ಎಡ್. ಕಾಲೇಜಿನ ಅಭ್ಯಾಸ ಪಾಠಗಳಲ್ಲಿ ಈ ವಿದ್ಯೆ ಬರುವುದಿಲ್ಲ.

ವರ್ಗಾವಣೆಯ ಭಯವಿಲ್ಲ. ಮನೆಯಿಂದ ನಡೆದುಹೋಗುವ ದೂರದಲ್ಲಿ ಶಾಲೆ, ತನ್ನ ಮಗುವಿನ ಗಂಟೆಯೇ ತನ್ನ ಗಂಟೆ, ಆ ಮಗುವಿಗೆ ಶುಲ್ಕದಲ್ಲಿ ಅರ್ಧವೋ ಮುಕ್ಕಾಲೋ ರಿಯಾಯಿತಿ. ಗಂಡ ಗಲ್ಫ್‌ನಲ್ಲಿದ್ದು, ಅತ್ತೆ-ಮಾವಂದಿರನ್ನೂ ಮಕ್ಕಳನ್ನೂ ನೋಡಿಕೊಳ್ಳಬೇಕಾದ ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ಓದಿದ ಹೆಣ್ಣನ್ನು ಕೆಲಸಕ್ಕೆ ಕಳುಹಿಸಲು ಹಿಂಜರಿಯುತ್ತಿದ್ದ ಎಷ್ಟೋ ಮನೆಗಳು 'ಶಾಲೆಯಾದರೆ ಅಡ್ಡಿಯಿಲ್ಲ' ಎಂದು ಒಪ್ಪಿದ್ದರಿಂದಲೇ ಇಂದು ಈ ಸಭಾಂಗಣದ ಮುಕ್ಕಾಲು ಭಾಗ ಶಿಕ್ಷಕಿಯರಿಂದ ತುಂಬಿದೆ.

ಸರಕಾರಿ ಶಿಕ್ಷಕರ ಸಂಬಳವನ್ನು ಕಂಡು ನಾವು ಕರುಬುತ್ತೇವೆ. ಅವರ ದಿನಚರಿಯನ್ನೂ ಒಮ್ಮೆ ನೋಡಬೇಕು. ಬಿಸಿಯೂಟದ ಲೆಕ್ಕ, ಹಾಲು ಮತ್ತು ಮೊಟ್ಟೆಯ ಲೆಕ್ಕ, ಮತದಾರರ ಪಟ್ಟಿ, ಚುನಾವಣೆ, ಗಣತಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳ ಹೊರತು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ಆದರೂ 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗಾಗಿ ಶಿಕ್ಷಕರು ಮನೆಮನೆ ಅಲೆದರು. ಅದು ಮುಗಿಯದ ಕಾರಣ ದಸರಾ ರಜೆಯನ್ನೇ ಅಕ್ಟೋಬರ್ 18ರ ವರೆಗೆ ವಿಸ್ತರಿಸಬೇಕಾಯಿತು. ಪಿಂಚಣಿಯ ಮಾತೂ ಮೊದಲಿನಂತಿಲ್ಲ. 2006ರ ಏಪ್ರಿಲ್ 1ರಿಂದ ಸರಕಾರಿ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟರು. ಅದರ ವಿರುದ್ಧ ಅವರು ನಡೆಸಿದ ಹೋರಾಟ ನಿಮಗೆ ಗೊತ್ತಿದೆ. ದೂರದ ಬೆಟ್ಟ ನುಣ್ಣಗೆ.

ಒಳಿತಿನ ಪಟ್ಟಿಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಮಕ್ಕಳ ಪ್ರೀತಿಯನ್ನು ಇದರಲ್ಲಿ ಸೇರಿಸಿಲ್ಲ. ಅದು ಸರಕಾರಿ ಶಾಲೆಯಲ್ಲೂ ಸಿಗುತ್ತದೆ, ಮದ್ರಸದಲ್ಲೂ ಸಿಗುತ್ತದೆ, ಅಂಗನವಾಡಿಯಲ್ಲೂ ಸಿಗುತ್ತದೆ. ಅದನ್ನು ಖಾಸಗಿ ಶಾಲೆ ಕೊಡುವ ಸವಲತ್ತೆಂದು ಲೆಕ್ಕಕ್ಕೆ ಬರೆದು, ಅಷ್ಟನ್ನು ಸಂಬಳದಿಂದ ಕಳೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಇನ್ನು ಕೆಡುಕಿನ ಮಾತು. ಇಲ್ಲಿ ನಾನು ಪರರ ಕಥೆ ಹೇಳಲಾರೆ.

ನಾನು ಹನ್ನೊಂದು ವರ್ಷ ಒಂದು ಅನುದಾನರಹಿತ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಶಾಲೆಯ ಹೆಸರು ಬೇಡ. ಆ ಹಿರಿಯರಲ್ಲಿ ಹಲವರು ಈಗ ಇಲ್ಲ. ನಮ್ಮಲ್ಲಿ ಸಂಬಳದ ರಿಜಿಸ್ಟರು ಒಂದಿತ್ತು. ಅದರಲ್ಲಿ ಬರೆದ ಮೊತ್ತ ಒಂದು, ಲಕೋಟೆಯಲ್ಲಿದ್ದ ಮೊತ್ತ ಇನ್ನೊಂದು. ಇಲಾಖೆಯ ತಪಾಸಣೆಗೆ ರಿಜಿಸ್ಟರು, ಮನೆಗೆ ಲಕೋಟೆ. ಪ್ರತಿ ತಿಂಗಳು ಹತ್ತನೇ ತಾರೀಕಿನ ಹೊತ್ತಿಗೆ ಶಿಕ್ಷಕಿಯರು ಒಬ್ಬೊಬ್ಬರಾಗಿ ನನ್ನ ಕೋಣೆಗೆ ಬಂದು, ರೆವೆನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ, ಲಕೋಟೆ ಹಿಡಿದು ಹೋಗುತ್ತಿದ್ದರು. ಸಹಿ ಹಾಕಬೇಕಾದ ಜಾಗಕ್ಕೆ ಬೆರಳು ತೋರಿಸುತ್ತಿದ್ದವನು ನಾನು. ಒಬ್ಬ ಹೊಸ ಶಿಕ್ಷಕಿ ಮೊದಲ ತಿಂಗಳು ಮೊತ್ತವನ್ನು ನೋಡಿ ನನ್ನ ಮುಖವನ್ನು ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಸಹಿ ಹಾಕಿದರು. ಎರಡನೇ ತಿಂಗಳು ಅವರು ಮೊತ್ತವನ್ನು ನೋಡಲಿಲ್ಲ.

ಅಂದು ನನಗೆ ನಾನೇ ಹೇಳಿಕೊಂಡ ಸಮಾಧಾನವೇನು? 'ನಾನು ಹಣ ತಿನ್ನುತ್ತಿಲ್ಲ, ಶಾಲೆಯನ್ನು ಉಳಿಸುತ್ತಿದ್ದೇನೆ.' ಹೌದು, ಒಂದು ರೂಪಾಯಿಯನ್ನೂ ನಾನು ತಿನ್ನಲಿಲ್ಲ. ಆದರೆ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳುವವರಿಂದಲೇ ಪ್ರತಿ ತಿಂಗಳು ಸುಳ್ಳಿಗೆ ಸಹಿ ಹಾಕಿಸಿದೆ. ಇಂದು ಹಲವು ಕಡೆ ಸಂಬಳ ಬ್ಯಾಂಕ್ ಖಾತೆಗೆ ಬರುತ್ತದೆ. ಹಾಗಾಗಿ ಈ ರೋಗ ಹೋಯಿತೆಂದು ತಿಳಿಯಬೇಡಿ. ಖಾತೆಗೆ ಬಂದ ಹಣದಲ್ಲಿ ಒಂದು ಪಾಲನ್ನು ನಗದಾಗಿ ಮರಳಿಸಬೇಕೆಂಬ ಶಾಲೆಗಳ ಬಗ್ಗೆ ಈ ಸಭೆಗೆ ಬಂದವರೇ ಬೆಳಿಗ್ಗೆ ನನಗೆ ಹೇಳಿದ್ದಾರೆ.

ಸಂಬಳ ಕಡಿಮೆ ಎಂಬುದೊಂದೇ ದೂರಾಗಿದ್ದರೆ ನಾನು ಇಷ್ಟು ಮಾತನಾಡುತ್ತಿರಲಿಲ್ಲ. ಆದೇಶ ಪತ್ರವಿಲ್ಲದ ನೇಮಕ, ಸೇರುವಾಗಲೇ ಬರೆಸಿಕೊಳ್ಳುವ ದಿನಾಂಕವಿಲ್ಲದ ರಾಜೀನಾಮೆ, ಬೀರುವಿನಲ್ಲಿ ಬೀಗ ಹಾಕಿಟ್ಟ ಮೂಲ ಅಂಕಪಟ್ಟಿ, ಹತ್ತು ತಿಂಗಳ ಸಂಬಳಕ್ಕೆ ಹನ್ನೆರಡು ತಿಂಗಳ ದುಡಿಮೆ ಇವುಗಳ ಒಟ್ಟು ಪರಿಣಾಮ ಬೇರೆಯೇ. ಏಪ್ರಿಲ್-ಮೇಯಲ್ಲಿ ಸಂಬಳವಿಲ್ಲ, ಆದರೆ ಅದೇ ಏಪ್ರಿಲ್-ಮೇಯ ಬಿಸಿಲಲ್ಲಿ ಕರಪತ್ರ ಹಿಡಿದು ಮನೆಮನೆಗೆ ಹೋಗಿ 'ನಿಮ್ಮ ಮಗುವನ್ನು ನಮ್ಮ ಶಾಲೆಗೆ ಸೇರಿಸಿ' ಎಂದು ಕೇಳಬೇಕು. ಇಷ್ಟು ದಾಖಲಾತಿ ತಂದರೆ ಮಾತ್ರ ಮುಂದಿನ ವರ್ಷ ಕೆಲಸ ಎಂಬ ಷರತ್ತು ಬೇರೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಬಂದರೆ ಶಾಲೆಯ ಫ್ಲೆಕ್ಸಿನಲ್ಲಿ ಆಡಳಿತ ಮಂಡಳಿಯ ಭಾವಚಿತ್ರ. ಒಬ್ಬ ಮಗು ನಪಾಸಾದರೆ ಆ ವಿಷಯದ ಶಿಕ್ಷಕಿಯಿಂದ ಲಿಖಿತ ವಿವರಣೆ. ರಾತ್ರಿ ಹತ್ತು ಗಂಟೆಗೆ ಪೋಷಕರ ವಾಟ್ಸ್ಆ್ಯಪ್ ಸಂದೇಶ, ಬೆಳಿಗ್ಗೆ ಏಳಕ್ಕೆ ವ್ಯಾನಿನಲ್ಲಿ ಮಕ್ಕಳ ಜೊತೆ ಪ್ರಯಾಣ. ಇದನ್ನು ಯಾವ ಆದೇಶ ಪತ್ರದಲ್ಲೂ ಬರೆದಿರುವುದಿಲ್ಲ. ಆದೇಶ ಪತ್ರವೇ ಇಲ್ಲವಲ್ಲ!

2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದಾಗ ಈ ವೃತ್ತಿಯ ಅಡಿಪಾಯ ಎಷ್ಟು ತೆಳುವೆಂಬುದು ನಮಗೆ ಅರಿವಾಯಿತು. ಪೋಷಕರು ಶುಲ್ಕ ಕಟ್ಟಲಿಲ್ಲ, ಆಡಳಿತ ಮಂಡಳಿಗಳು ಸಂಬಳ ಕೊಡಲಿಲ್ಲ. ಗಣಿತ ಕಲಿಸುತ್ತಿದ್ದವರು ತರಕಾರಿ ಮಾರಿದರು, ತೋಟದ ಕೆಲಸಕ್ಕೆ ಹೋದರು, ರಿಕ್ಷಾ ಓಡಿಸಿದರು. ದುಡಿಮೆಯಲ್ಲಿ ಅವಮಾನವಿಲ್ಲ ನಿಜ. ಆದರೆ ಹದಿನೈದು ವರ್ಷ ದುಡಿದವನು ಎರಡು ತಿಂಗಳ ಸಂಬಳ ನಿಂತ ಕೂಡಲೇ ದಿನಸಿ ಅಂಗಡಿಯ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ, ಅವಮಾನವಿರುವುದು ಅಲ್ಲಿ. 2021ರ ಜೂನ್‌ನಲ್ಲಿ ರಾಜ್ಯ ಸರಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಹದಿನೈದು ತಿಂಗಳ ಬವಣೆಗೆ ಐದು ಸಾವಿರ. ಅದನ್ನು ಪಡೆಯಲು ಶಾಲೆಯ ದಾಖಲೆಯಲ್ಲಿ ಹೆಸರಿರಬೇಕಿತ್ತು. ರಿಜಿಸ್ಟರಿನಲ್ಲೇ ಹೆಸರಿಲ್ಲದವರು ನಮ್ಮಲ್ಲಿ ಎಷ್ಟು ಮಂದಿ ಇದ್ದರೆಂದು ಅಂದು ತಿಳಿಯಿತು.

ಹಾಗಾದರೆ ಆಡಳಿತ ಮಂಡಳಿಗಳೆಲ್ಲ ಶೋಷಕರೇ? ವೇದಿಕೆಯಲ್ಲಿರುವ ಹಿರಿಯರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಿರುವಂತೆ ಕಾಣುತ್ತಿದೆ. ಒಂದು ಸಣ್ಣ ಲೆಕ್ಕ ಮಾಡೋಣ. ಇನ್ನೂರು ಮಕ್ಕಳ ಒಂದು ಊರಿನ ಶಾಲೆ. ವರ್ಷಕ್ಕೆ ತಲಾ 15,000 ರೂಪಾಯಿ ಶುಲ್ಕ. ಇಪ್ಪತ್ತು ಮಕ್ಕಳು ಬಡವರು, ಅವರಿಂದ ಏನೂ ಬರುವುದಿಲ್ಲ. ಉಳಿದ 180 ಮಕ್ಕಳಿಂದ 27 ಲಕ್ಷ. ಹತ್ತು ಮಂದಿ ಶಿಕ್ಷಕರಿಗೆ ತಿಂಗಳಿಗೆ 15,000ದಂತೆ ಕೊಟ್ಟರೆ ವರ್ಷಕ್ಕೆ 18 ಲಕ್ಷ. ಭವಿಷ್ಯ ನಿಧಿಗೆ ಶೇ. 12ರಂತೆ ಶಾಲೆಯ ಪಾಲು 2,16,000. ಉಳಿದ ಏಳು ಲಕ್ಷದೊಳಗೆ ಗುಮಾಸ್ತ, ಆಯಾ, ವಿದ್ಯುತ್, ದುರಸ್ತಿ, ಕಟ್ಟಡದ ಸಾಲ. ಇದು ಲಾಭದ ವ್ಯಾಪಾರವಲ್ಲ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಅನುದಾನಕ್ಕೆ ಒಳಪಡಿಸಬೇಕೆಂಬ ಬೇಡಿಕೆ ಎಷ್ಟೋ ಸರಕಾರಗಳ ಮುಂದೆ ಹೋಗಿ ಬಂದಿದೆ. ನಮ್ಮ ಸಮುದಾಯ ನಡೆಸುವ ಹಲವು ಶಾಲೆಗಳು ಇಂತಹ ಲೆಕ್ಕದಲ್ಲೇ ಉಸಿರಾಡುತ್ತಿವೆ. ಊರವರ ದೇಣಿಗೆಯಿಂದ, ಗಲ್ಫ್‌ನ ಸಹೃದಯರ ನೆರವಿನಿಂದ.

ಇದನ್ನೆಲ್ಲ ಒಪ್ಪಿದ ಮೇಲೂ ನನ್ನದೊಂದು ಪ್ರಶ್ನೆಯಿದೆ. ಕಟ್ಟಡಕ್ಕೆ ದೇಣಿಗೆ ಸಿಗುತ್ತದೆ, ಏಕೆಂದರೆ ಕಟ್ಟಡದ ಮೇಲೆ ಹೆಸರಿನ ಕಲ್ಲು ಹಾಕಬಹುದು. ಶಿಕ್ಷಕಿಯ ಭವಿಷ್ಯ ನಿಧಿಗೆ ದೇಣಿಗೆ ಕೊಟ್ಟವರ ಹೆಸರನ್ನು ಎಲ್ಲಿ ಕೆತ್ತಿಸುವುದು? ಮೂರನೇ ಮಹಡಿ ಏರುತ್ತಿರುವ ಶಾಲೆಯಲ್ಲಿ ನೆಲ ಮಹಡಿಯ ಶಿಕ್ಷಕಿಗೆ ಮೂರು ತಿಂಗಳ ಸಂಬಳ ಬಾಕಿಯಿದ್ದರೆ ಅದನ್ನು ಬಡತನವೆನ್ನಬೇಕೇ? ಭಾಷಣಗಳಲ್ಲಿ ಕೂಲಿಯವನ ಬೆವರಿನ ಬಗ್ಗೆ ಎಷ್ಟು ಚೆನ್ನಾಗಿ ಮಾತನಾಡುತ್ತೇವೆ! 'ಇದು ನೌಕರಿಯಲ್ಲ, ಸೇವೆ' ಎಂಬ ಮಾತು ಸಂಬಳದ ದಿನ ಮಾತ್ರ ನೆನಪಾಗುವುದೇಕೆ? 'ಗಂಡ ದುಡಿಯುತ್ತಾನಲ್ಲ, ನಿಮಗೇಕೆ ಇಷ್ಟು ಚಿಂತೆ' ಎಂದು ಶಿಕ್ಷಕಿಯೊಬ್ಬರಿಗೆ ಹೇಳಿದ ಹಿರಿಯರನ್ನು ನಾನು ಬಲ್ಲೆ. ಸಿಮೆಂಟ್ ಅಂಗಡಿಯವನಿಗೆ ಅವರು ಎಂದೂ ಹಾಗೆ ಹೇಳಿರಲಿಕ್ಕಿಲ್ಲ.

ಇನ್ನು ಹಕ್ಕಿನ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ನಮ್ಮ ಶಿಕ್ಷಕರಿಗೆ ಎಲ್ಲಾ ವಿಷಯ ಗೊತ್ತು, ತಮ್ಮ ವಿಷಯವೊಂದನ್ನು ಬಿಟ್ಟು.

ನನ್ನ ಸಹೋದ್ಯೋಗಿಯೊಬ್ಬರು 1994ರಲ್ಲಿ ಸೇರಿ 2016ರಲ್ಲಿ ನಿವೃತ್ತರಾದರು. ಇಪ್ಪತ್ತೆರಡು ವರ್ಷ. ಕೊನೆಯ ಸಂಬಳ 13,000. ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ. ನಾನೇ ಸನ್ಮಾನ ಪತ್ರ ಓದಿದೆ. ಗ್ರಾಚ್ಯುಟಿಯ ಬಗ್ಗೆ ಅವರ ಮಗ ವಿಚಾರಿಸಿದಾಗ 'ಶಿಕ್ಷಕರಿಗೆ ಅದು ಅನ್ವಯಿಸುವುದಿಲ್ಲ, ಸುಪ್ರೀಮ್ ಕೋರ್ಟೇ ಹೇಳಿದೆ' ಎಂಬ ಉತ್ತರ ಸಿಕ್ಕಿತು. ನಾನೂ ಅದನ್ನು ನಂಬಿದ್ದೆ. ಅರ್ಧ ಸತ್ಯ ಎಷ್ಟು ಅಪಾಯಕಾರಿಯೆಂದು ಮತ್ತೆ ತಿಳಿಯಿತು. 2004ರಲ್ಲಿ ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 1972ರ ಗ್ರಾಚ್ಯುಟಿ ಕಾಯಿದೆಯ ವ್ಯಾಖ್ಯೆಯೊಳಗೆ ಶಿಕ್ಷಕರು ಬರುವುದಿಲ್ಲವೆಂದು ಹೇಳಿದ್ದು ನಿಜ. ಆದರೆ ಆ ಲೋಪವನ್ನು ಸರಿಪಡಿಸಲು ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, ಅದನ್ನು 1997ರ ಏಪ್ರಿಲ್ 3ರಿಂದಲೇ ಜಾರಿಗೊಳಿಸಿತು. ಖಾಸಗಿ ಶಾಲೆಗಳು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವು. 2022ರ ಆಗಸ್ಟ್‌ನಲ್ಲಿ ಸುಪ್ರೀಮ್ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಲೆಕ್ಕ ಹೀಗಿದೆ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. 13,000ವನ್ನು 26ರಿಂದ ಭಾಗಿಸಿದರೆ 500. ಹದಿನೈದು ದಿನಕ್ಕೆ 7,500. ಇಪ್ಪತ್ತೆರಡು ವರ್ಷಕ್ಕೆ 1,65,000 ರೂಪಾಯಿ. ಆ ಗಡಿಯಾರದ ಬೆಲೆ ಮುನ್ನೂರೋ ನಾನೂರೋ ಇರಬಹುದು.

2022ರ ತೀರ್ಪು ಬಂದ ಬಳಿಕ ನಾನು ಪತ್ರಿಕೆಯ ತುಣುಕನ್ನು ಹಿಡಿದು ಅವರ ಮನೆಗೆ ಹೋದೆ. ಅರ್ಜಿ ನಾನು ಬರೆಯುತ್ತೇನೆ, ತಡವಾದುದಕ್ಕೆ ಕಾರಣ ತಿಳಿಸಿದರೆ ಪ್ರಾಧಿಕಾರ ಪರಿಗಣಿಸಬಹುದು, ಸಹಿ ಮಾತ್ರ ಹಾಕಿ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. "ಬೇಡ ಮಾಸ್ಟ್ರೇ, ನನ್ನ ಮೊಮ್ಮಗ ಅದೇ ಶಾಲೆಯಲ್ಲಿ ಓದುತ್ತಿದ್ದಾನೆ" ಎಂದರು. ಅದಕ್ಕೆ ಪ್ರತಿಯಾಗಿ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಈಗಲೂ ಇಲ್ಲ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದು, ಗ್ರಾಚ್ಯುಟಿಯ ನಿಯಮಗಳು ಅದರೊಳಗೆ ಸೇರಿವೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಇದು ಅನ್ವಯ. ಐದು ವರ್ಷದ ನಿರಂತರ ಸೇವೆ ಬೇಕು; ನಿಗದಿತ ಅವಧಿಗೆಂದು ಲಿಖಿತ ಕರಾರಿನ ಮೇಲೆ ನೇಮಕವಾದವರಿಗೆ ಒಂದು ವರ್ಷ ಸಾಕು. ನಾಲ್ಕನೇ ವರ್ಷದ ಕೊನೆಗೆ ಕೈಬಿಟ್ಟು ಜೂನ್‌ನಲ್ಲಿ ಹೊಸಬರಂತೆ ಸೇರಿಸಿಕೊಳ್ಳುವ ಉಪಾಯ ಎಲ್ಲಿಂದ ಹುಟ್ಟಿತೆಂದು ಈಗ ನಿಮಗೆ ಅರ್ಥವಾಗಿರಬಹುದು. ಭವಿಷ್ಯ ನಿಧಿಯಂತೂ ಇಪ್ಪತ್ತು ಅಥವಾ ಹೆಚ್ಚು ಸಿಬ್ಬಂದಿಯಿರುವ ಶಿಕ್ಷಣ ಸಂಸ್ಥೆಗಳಿಗೆ 1982ರಿಂದಲೇ ಅನ್ವಯವಾಗಿದೆ. ಕೆಲಸದಿಂದ ತೆಗೆಯುವ ವಿಚಾರದಲ್ಲಿ, ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಗಳಿಗೆ 1983ರ ಕರ್ನಾಟಕ ಶಿಕ್ಷಣ ಕಾಯಿದೆಯಿದೆ. ಆರೋಪವನ್ನು ತಿಳಿಸಿ, ವಿಚಾರಣೆ ನಡೆಸದೆ ಶಿಕ್ಷಕರನ್ನು ವಜಾ ಮಾಡಬಾರದೆಂದು ಅದರ 92ನೇ ಕಲಮು ಹೇಳುತ್ತದೆ. ವಜಾ ಆದವರು 94ನೇ ಕಲಮಿನಂತೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ದಿನಾಂಕವಿಲ್ಲದ ರಾಜೀನಾಮೆಯನ್ನು ಮೊದಲೇ ಬರೆಸಿಕೊಳ್ಳುವುದು ಈ ಕಲಮುಗಳ ಭಯದಿಂದಲೇ.

ಹಕ್ಕಿನ ಜೊತೆ ಅರ್ಹತೆಯ ಮಾತೂ ಇದೆ. ಅದನ್ನು ನಾವು ಜಾರಿಸಿಬಿಡುತ್ತೇವೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಮ್ ಕೋರ್ಟು ಒಂದರಿಂದ ಎಂಟನೇ ತರಗತಿಯ ಶಿಕ್ಷಕರಿಗೆ ಟಿಇಟಿ ಕಡ್ಡಾಯವೆಂದು ತೀರ್ಪು ಕೊಟ್ಟಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರು, ಈಗಾಗಲೇ ಸೇವೆಯಲ್ಲಿದ್ದರೂ ಎರಡು ವರ್ಷದೊಳಗೆ ತೇರ್ಗಡೆಯಾಗಬೇಕು ಎಂದಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸುವುದಿಲ್ಲವೆಂಬ 2014ರ ಪ್ರಮತಿ ತೀರ್ಪನ್ನು ಮರುಪರಿಶೀಲಿಸುವ ಪ್ರಶ್ನೆಯನ್ನು ದೊಡ್ಡ ಪೀಠದ ಪರಿಗಣನೆಗೆ ಬಿಟ್ಟಿತು. ನಮ್ಮ ಕೆಲವು ಶಾಲೆಗಳು ಇದನ್ನು ಕೇಳಿ 'ಸದ್ಯ ನಮಗೆ ಬಾಧೆಯಿಲ್ಲ' ಎಂದು ನಿಟ್ಟುಸಿರು ಬಿಟ್ಟವು. ನನಗೆ ಈ ನಿಟ್ಟುಸಿರು ಹಿಡಿಸಲಿಲ್ಲ. ಸಂವಿಧಾನದ 30ನೇ ವಿಧಿ ನಮಗೆ ಶಾಲೆ ನಡೆಸುವ ಹಕ್ಕು ಕೊಟ್ಟಿರುವುದು ಅರ್ಹತೆಯಿಲ್ಲದವರನ್ನು ಅಗ್ಗಕ್ಕೆ ನೇಮಿಸಿಕೊಳ್ಳಲಿಕ್ಕಲ್ಲ. ಅಲ್ಲದೆ, ಟಿಇಟಿ ಇಲ್ಲದ ಶಿಕ್ಷಕಿ ಆ ಒಂದು ಶಾಲೆಯನ್ನು ಬಿಟ್ಟರೆ ಬೇರೆಲ್ಲೂ ಹೋಗಲಾರಳು. ಹೋಗಲಾರದವಳಿಗೆ ಎಷ್ಟು ಕೊಟ್ಟರೂ ನಡೆಯುತ್ತದೆ ಎಂಬುದು ಎಲ್ಲಾ ಯಜಮಾನರಿಗೂ ಗೊತ್ತಿರುವ ಲೆಕ್ಕ.

ಇಷ್ಟಾದ ಮೇಲೆ ಆ ಹುಡುಗಿಗೆ ಏನು ಹೇಳಲಿ? ಕಳೆದ ವಾರ ಅವಳಿಗೆ ಫೋನ್ ಮಾಡಿದೆ. "ಸೇರು" ಎಂದೆ. ಕೆಲವರಿಗೆ ಆಶ್ಚರ್ಯವಾಗಬಹುದು. ಮನೆಯಲ್ಲಿ ಕುಳಿತು ಅಧಿಸೂಚನೆಗೆ ಕಾಯುವುದಕ್ಕಿಂತ ಮಕ್ಕಳ ನಡುವೆ ಎರಡು ವರ್ಷ ದುಡಿಯುವುದು ಮೇಲು. ಆದರೆ ಸೇರುವ ಮುನ್ನ ಆದೇಶ ಪತ್ರ ಕೇಳು. ಅದರಲ್ಲಿ ಹುದ್ದೆ, ಸಂಬಳ, ರಜೆ, ಹನ್ನೆರಡು ತಿಂಗಳ ಮಾತು ಇರಲಿ. ಮೂಲ ಅಂಕಪಟ್ಟಿ ತೋರಿಸು, ಕೊಡಬೇಡ, ಜೆರಾಕ್ಸ್ ಕೊಡು. ಸಂಬಳ ಖಾತೆಗೆ ಬರಲಿ. ಟಿಇಟಿ ಬರೆಯುವುದನ್ನು ಬಿಡಬೇಡ. ಐದು ವರ್ಷವಾದರೂ ಅಲ್ಲೇ ಇದ್ದರೆ, ಆರನೇ ವರ್ಷವೂ ಅಲ್ಲೇ ಇರುವುದೇಕೆಂದು ನಿನ್ನನ್ನು ನೀನೇ ಒಮ್ಮೆ ಕೇಳಿಕೋ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಆದೇಶ ಪತ್ರ ಕೇಳಿದರೆ ಕೆಲಸ ಕೊಡುತ್ತಾರಾ?" ಎಂದಳು.

ಒಬ್ಬಳೇ ಕೇಳಿದರೆ ಬಹುಶಃ ಕೊಡಲಿಕ್ಕಿಲ್ಲ. ಈ ಸಭಾಂಗಣದಲ್ಲಿ ಮುನ್ನೂರು ಮಂದಿ ಇದ್ದೀರಿ. ವೇದಿಕೆಯಲ್ಲಿ ಐದು ಆಡಳಿತ ಮಂಡಳಿಗಳ ಹಿರಿಯರಿದ್ದಾರೆ. ಅವರು ಇಷ್ಟು ಹೊತ್ತು ಎದ್ದು ಹೋಗದೆ ನನ್ನ ಮಾತು ಕೇಳಿದ್ದಕ್ಕೆ ಕೃತಜ್ಞತೆಗಳು. ನಾನು ಒಂದು ಆದೇಶ ಪತ್ರದ ಮಾದರಿಯನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ ಸಿದ್ಧಪಡಿಸಿ ತಂದಿದ್ದೇನೆ. ಮುನ್ನೂರೈವತ್ತು ಪ್ರತಿಗಳಿವೆ, ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಮೊದಲ ಐದು ಪ್ರತಿಗಳನ್ನು ಈಗಲೇ ವೇದಿಕೆಯ ಹಿರಿಯರ ಕೈಗೆ ಕೊಡುತ್ತೇನೆ. ಓದಿ ನೋಡಲಿ. ತಿದ್ದಬೇಕಾದ್ದು ಇದ್ದರೆ ಊಟದ ಬಿಡುವಿನಲ್ಲಿ ಹೇಳಲಿ. ನಾನು ಸಂಜೆಯವರೆಗೆ ಇಲ್ಲೇ ಇರುತ್ತೇನೆ.